ಬಚ್ಚಲ ಬಾಗಿಲಿನ ಹಿಡಿ

ಮೂವತ್ತೊಂದು ವರ್ಷ ಸರ್ವೆ ಇಲಾಖೆಯಲ್ಲಿ ಜನರ ಜಮೀನು ಅಳೆದವನು ನಾನು. ವಿಷ್ಣುಪ್ರಸಾದ ಅಳೆದ ಮೇಲೆ ಇನ್ನೊಬ್ಬರು ಅಳೆಯಬೇಕಿಲ್ಲ ಎಂದು ಕಚೇರಿಯಲ್ಲಿ ಹೇಳುತ್ತಿದ್ದರು. ಹಾಗೆ ಹೇಳುತ್ತಿದ್ದವರಲ್ಲಿ ನಾನೂ ಒಬ್ಬ. ನಿವೃತ್ತನಾಗಿ ನಾಲ್ಕು ವರ್ಷವಾದರೂ ಟೇಪು ಜೇಬಿನಲ್ಲೇ ಇರುತ್ತದೆ. ಯಾರ ಮನೆಗೆ ಹೋದರೂ ಕಿಟಕಿ ಎಷ್ಟು ಅಗಲ, ಮೆಟ್ಟಿಲು ಎಷ್ಟು ಎತ್ತರ ಎಂದು ನೋಡದಿದ್ದರೆ ನನಗೆ ಉಪ್ಪಿಟ್ಟು ಗಂಟಲಲ್ಲಿ ಇಳಿಯುವುದಿಲ್ಲ. ಇದನ್ನೆಲ್ಲ ಮೊದಲೇ ಹೇಳುತ್ತಿರುವುದು ಯಾಕೆಂದರೆ, ನಾನು ಎಂಥ ದಡ್ಡ ಎಂದು ಮುಂದೆ ಗೊತ್ತಾದಾಗ ನಿಮಗೆ ಅದರ ಪೂರ್ತಿ ಸುಖ ಸಿಗಲಿ ಎಂದು.

ನನ್ನ ಹೆಂಡತಿ ಸತ್ಯಭಾಮಾ ಕಳೆದ ಮಳೆಗಾಲದಲ್ಲಿ ಹಿತ್ತಲ ಮೆಟ್ಟಿಲ ಮೇಲೆ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಆರು ವಾರ ಪ್ಲಾಸ್ಟರ್. ಮೂಳೆ ಕೂಡಿತು, ಆದರೆ ಮಣಿಕಟ್ಟು ಮೊದಲಿನಂತೆ ತಿರುಗಲಿಲ್ಲ. ಹಿಡಿದುಕೊಳ್ಳಬಲ್ಲಳು, ತಿರುಚಲಾರಳು. ಬಾಟಲಿಯ ಮುಚ್ಚಳ, ನಲ್ಲಿ, ಗ್ಯಾಸಿನ ಗುಂಡಿ ಎಲ್ಲವೂ ಅವಳಿಗೆ ಶತ್ರುಗಳಾದವು. ಎಲ್ಲಕ್ಕಿಂತ ದೊಡ್ಡ ಶತ್ರುವನ್ನು ಮನೆಗೆ ತಂದವನು ನಾನೇ. ಶಿವಮೊಗ್ಗದ ಆಲ್ಕೊಳದಲ್ಲಿ ಈ ಮನೆ ಕಟ್ಟಿಸಿದಾಗ, ಇಪ್ಪತ್ತೆರಡು ವರ್ಷದ ಹಿಂದೆ, ಐದು ಬಾಗಿಲಿಗೂ ಒಂದೇ ಥರದ ಸ್ಟೀಲಿನ ಗುಂಡು ಹಿಡಿ ಹಾಕಿಸಿದ್ದೆ. ಕೈತುಂಬ ಹಿಡಿದು ತಿರುಗಿಸಿದರೆ ಮಾತ್ರ ಅದು ತೆರೆಯುವುದು. ಆಗ ಅದೇ ಹೊಸ ಫ್ಯಾಶನ್ನು.

ಒಂದು ದಿನ ನಾನು ಬ್ಯಾಂಕಿಗೆ ಹೋಗಿದ್ದಾಗ ಸತ್ಯಭಾಮಾ ಬಚ್ಚಲಿನಲ್ಲಿ ಸಿಕ್ಕಿಕೊಂಡಳು. ಒದ್ದೆ ಕೈ, ನುಣುಪು ಗುಂಡು, ತಿರುಗದ ಮಣಿಕಟ್ಟು. ಐವತ್ತು ನಿಮಿಷ ಒಳಗೆ ಇದ್ದಳು. ಕೊನೆಗೆ ಚೊಂಬಿನಿಂದ ಬಾಗಿಲು ಬಡಿದದ್ದು ಪಕ್ಕದ ಮನೆಯ ಶ್ರೀಗೌರಿಗೆ ಕೇಳಿಸಿ, ಆಕೆ ಹಿತ್ತಲ ಬಾಗಿಲಿನಿಂದ ಬಂದು ಹೊರಗಿನಿಂದ ತೆರೆದಳಂತೆ. ನಾನು ಬಂದು ವಿಷಯ ಕೇಳಿ ಏನು ಮಾಡಿದೆ? ಹೆಂಡತಿಯನ್ನು ಆ ಬಾಗಿಲ ಮುಂದೆ ನಿಲ್ಲಿಸಿ, ಗುಂಡು ಹಿಡಿಯನ್ನು ಹೇಗೆ ಹಿಡಿದು ಎಷ್ಟು ತಿರುಗಿಸಬೇಕು ಎಂದು ಪಾಠ ಮಾಡಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಮಾರನೇ ದಿನ ಬೆಳಿಗ್ಗೆ ನೋಡಿದರೆ ಹಾಲ್‌ನಲ್ಲಿ ಬ್ಯಾಗು.

"ಭದ್ರಾವತಿಗೆ ಹೋಗ್ತೀನಿ. ಶರಾವತಿ ಮನೇಲಿ ಇರ್ತೀನಿ," ಎಂದಳು. ಶರಾವತಿ ಎಂದರೆ ಅವಳ ತಂಗಿ. ಭದ್ರಾವತಿಯ ಜನ್ನಾಪುರದಲ್ಲಿ ಅವರಪ್ಪ ಕಟ್ಟಿಸಿದ ಮನೆಯಲ್ಲೇ ಇದ್ದಾಳೆ.

"ಒಂದು ಬಾಗಿಲಿಗೋಸ್ಕರ ಊರು ಬಿಡ್ತೀಯಾ ಮಾರಾಯ್ತಿ?"

"ಅಲ್ಲಿ ಬಚ್ಚಲ ಬಾಗಿಲು ನಂಗೆ ಸಲೀಸು. ನೀವು ಇಲ್ಲಿದ್ದನ್ನ ಸರಿ ಮಾಡ್ಸಿ ಫೋನ್ ಮಾಡಿ."

"ಸರಿ ಆಗ್ದಿದ್ರೆ?"

"ಆಗ್ದಿದ್ರೆ ಅಲ್ಲೇ ಇರ್ತೀನಿ. ಸ್ನಾನಕ್ಕೆ ಹೋದಾಗೆಲ್ಲ ಎದೆ ಡವಡವ ಅನ್ನೋ ಮನೇಲಿ ನಂಗಿರೋಕಾಗಲ್ಲ ರೀ."

ಸಿಟ್ಟಿನಿಂದ ಹೇಳಿದ್ದರೆ ನಾನೂ ಸಿಟ್ಟು ಮಾಡಬಹುದಿತ್ತು. ತರಕಾರಿ ಪಟ್ಟಿ ಓದಿದ ಹಾಗೆ ಹೇಳಿದಳು. ನನಗೆ ಭಯವಾಯಿತು. ಬಸ್ ಹತ್ತಿಸಿ ಬಂದು ಖಾಲಿ ಮನೆಯಲ್ಲಿ ಕೂತಾಗ ಭಯದ ಜೊತೆಗೆ ಇನ್ನೊಂದೂ ಸೇರಿಕೊಂಡಿತು. ಜನ್ನಾಪುರದ ಆ ಮನೆಗೆ ಅರವತ್ತು ವರ್ಷ. ಅಲ್ಲಿನ ಬಚ್ಚಲಿಗೆ ಹಲಗೆ ಹೊಡೆದ ಹಳೇ ಬಾಗಿಲು. ಅದು ಇವಳಿಗೆ ಸಲೀಸು ಹೇಗಾಯಿತು? ಕೇಳಬೇಕಾದ ಪ್ರಶ್ನೆ ಅದೊಂದೇ. ನಾನು ಅದನ್ನು ಪಕ್ಕಕ್ಕಿಟ್ಟು ಟೇಪು ತೆಗೆದುಕೊಂಡು ಗಾಂಧಿ ಬಜಾರಿಗೆ ಹೋದೆ.

ಬಜಾರಿನಲ್ಲಿ ರಿಜ್ವಾನನ ಹಾರ್ಡ್‌ವೇರ್ ಅಂಗಡಿ. ಗೋಡೆ ತುಂಬ ಹಿಡಿಗಳು: ಹಿತ್ತಾಳೆಯದು, ಸ್ಟೀಲಿನದು, ಕಪ್ಪು ಬಣ್ಣದ್ದು, ಆನೆ ಸೊಂಡಿಲಿನಂತೆ ಬಾಗಿದ್ದು. ಗುಂಡು ಹಿಡಿ ಬೇಡ, ತಿರುಚಬೇಕಾಗದ್ದು ಬೇಕು ಎಂದೆ. ಉದ್ದ ಹಿಡಿಕೆಯದನ್ನು ತೋರಿಸಿದ, ಮೇಲಿನಿಂದ ಕೆಳಗೆ ಒತ್ತಿದರೆ ಬಾಗಿಲು ತೆರೆಯುವಂಥದ್ದು. ಅಂಥವೇ ಹದಿನಾಲ್ಕು ಬಗೆ ಇದ್ದವು. ಒಂದೊಂದನ್ನೂ ಕಿರುಬೆರಳಿನಿಂದ ಒತ್ತಿದೆ, ಮೊಣಕೈಯಿಂದ ಒತ್ತಿದೆ. ಯಾವುದರ ತುದಿ ಚೂಪು, ಯಾವುದು ಸೀರೆ ಸೆರಗಿಗೆ ಸಿಕ್ಕಿಕೊಳ್ಳುತ್ತದೆ, ಒಳಗಿನ ಸ್ಪ್ರಿಂಗು ಎಷ್ಟು ಬಿಗಿ ಎಂದು ಕೇಳಿದೆ. ಬಿಗಿಯ ವಿಷಯಕ್ಕೆ ರಿಜ್ವಾನ್ "ಸ್ಮೂತಾಗಿದೆ ಸಾರ್" ಎಂದ. ಸ್ಮೂತು ಎಂದರೆ ಎಷ್ಟು? ನನಗೆ ಅಂಥ ಉತ್ತರ ಆಗಿ ಬರುವುದಿಲ್ಲ. ಎದುರಿನ ದಿನಸಿ ಅಂಗಡಿಯಿಂದ ಅರ್ಧ ಕೆಜಿಯ ಎರಡು ಬೆಲ್ಲದ ಪೊಟ್ಟಣ ತಂದು, ಬಟ್ಟೆ ಚೀಲದಲ್ಲಿ ಹಾಕಿ, ಒಂದೊಂದು ಹಿಡಿಗೂ ತೂಗುಹಾಕಿದೆ. ಎಂಟು ಹಿಡಿಗಳು ಒಂದು ಕೆಜಿಗೂ ಅಲುಗಲಿಲ್ಲ. ಐದು, ಒಂದು ಕೆಜಿಗೆ ಬಾಗಿದವು. ಒಂದೇ ಒಂದು ಅರ್ಧ ಕೆಜಿಗೆ ಕೆಳಗಿಳಿಯಿತು.

"ನಮ್ಮಪ್ಪನ ಕಾಲದಿಂದ ಅಂಗಡಿ ಇದೆ ಸಾರ್," ಎಂದ ರಿಜ್ವಾನ್. "ಬೆಲ್ಲ ಕಟ್ಟಿ ಹ್ಯಾಂಡಲ್ ತಗೊಂಡೋರು ನೀವೇ ಮೊದಲು."

"ಇದೇ ಕೊಡು. ಐದು ಜೊತೆ."

"ಎಡಗೈ ಬಾಗಿಲಾ, ಬಲಗೈ ಬಾಗಿಲಾ? ಅಂದ್ರೆ ಹಿಡಿ ಯಾವ ಕಡೆ ಬರುತ್ತೆ ಅಂತ."

ಈ ಪ್ರಶ್ನೆಗೆ ನನ್ನಲ್ಲಿ ಹೆಮ್ಮೆಯ ಉತ್ತರವಿತ್ತು. ಮನೆ ಕಟ್ಟಿಸುವಾಗಲೇ ಬಡಗಿಯ ತಲೆ ಮೇಲೆ ಕೂತು, ಕೋಣೆಯ ಒಳಗೆ ನಿಂತವರ ಬಲಗೈಗೇ ಹಿಡಿ ಸಿಗುವ ಹಾಗೆ ಐದೂ ಬಾಗಿಲು ಕೂರಿಸಿದ್ದೆ. "ನಮ್ಮನೇಲಿ ಎಲ್ಲಾ ಬಲಗೈ ಕಣಯ್ಯ. ಎಡಗೈ ವ್ಯವಹಾರವೇ ಇಲ್ಲ," ಎಂದೆ. ಆ ಮಾತು ಈಗ ನೆನಪಾದರೆ ಬೆಲ್ಲದ ಪೊಟ್ಟಣದಿಂದ ನನ್ನ ತಲೆಗೇ ಕುಟ್ಟಿಕೊಳ್ಳಬೇಕು ಅನಿಸುತ್ತದೆ.

ಹಿಡಿ ಕೂರಿಸಲು ರಿಜ್ವಾನ್ ಕಳಿಸಿದ್ದು ಬಾಬು ಸಾಬ್ ಎಂಬುವರನ್ನು. ಎಪ್ಪತ್ತರ ಹತ್ತಿರದ ವಯಸ್ಸು. ಉಳಿ, ಸುತ್ತಿಗೆ, ಕೈಗರಗಸ ಎಲ್ಲವನ್ನೂ ಒಂದು ಹಳೇ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಬಂದರು. ಸಾಮಾನು ಬಿಚ್ಚುವ ಮೊದಲು ಮನೆಯೆಲ್ಲ ನೋಡಿ ಕೇಳಿದ ಮೊದಲ ಮಾತು: "ಅಮ್ಮ ಎಲ್ಲಿ ಸಾರ್?"

"ಊರಿಗೆ ಹೋಗಿದಾಳೆ. ಯಾಕೆ?"

"ಹಿಡಿ ಹಾಕ್ತಿರೋದು ಅಮ್ಮನಿಗೆ ಅಂದ್ರಲ್ಲ. ಅವ್ರು ಬಂದು ಬಾಗಿಲ ಮುಂದೆ ನಿಂತ್ಕೊಂಡು, ಕಣ್ಣು ಮುಚ್ಚಿ ಕೈ ಚಾಚ್ಬೇಕು. ಕೈ ಎಲ್ಲಿ ಬೀಳುತ್ತೋ ಅಲ್ಲಿ ನಾನು ಪೆನ್ಸಿಲ್ ಗುರುತು ಹಾಕ್ತೀನಿ. ನಮ್ಮ ಉಸ್ತಾದ್ ಕಲ್ಸಿದ್ದು ಹಂಗೆ. ಕೈ ನೋಡ್ದೆ ನಾನು ಹಿಡಿ ಕೂರ್ಸಲ್ಲ."

"ಬಾಬು ಸಾಬ್ರೇ, ಅವಳ ಎತ್ತರ ಐದಡಿ ಒಂದೂವರೆ ಇಂಚು. ಮೊಣಕೈ ನೆಲದಿಂದ ಮೂವತ್ತೆಂಟು ಇಂಚು. ನಾನೇ ಅಳೆದಿದೀನಿ. ನೀವು ಮೂವತ್ತಾರಕ್ಕೆ ಕೂರ್ಸಿ."

ಮುದುಕ ನನ್ನ ಮುಖ ನೋಡಿದರು. "ಕೈ ಅಳೆಯೋದು ಬೇರೆ, ಕೈ ನೋಡೋದು ಬೇರೆ ಸಾರ್," ಎಂದರು. ನಾನು ಗಡಿಯಾರ ನೋಡಿದೆ. ಅವರು ನಿಟ್ಟುಸಿರು ಬಿಟ್ಟು, ಬೆಡ್‌ಶೀಟು ಹಾಸಿ ಕೆಲಸ ಶುರು ಮಾಡಿದರು. ಹಳೇ ಗುಂಡುಗಳ ತೂತು ಮುಚ್ಚಿ, ಹೊಸ ಲಾಕಿಗೆ ಅಂಚಿನಲ್ಲಿ ಗೂಡು ಕೊರೆದು, ಸಂಜೆಯೊಳಗೆ ಐದೂ ಬಾಗಿಲಿಗೆ ಹಿಡಿ ಕೂರಿಸಿಕೊಟ್ಟರು. ಕೆಲಸ ಅಚ್ಚುಕಟ್ಟು. ಹೋಗುವಾಗ ಬಚ್ಚಲಿನಲ್ಲಿ ಮಾತ್ರ ಒಂದು ನಿಮಿಷ ನಿಂತು, "ಈ ಬಾಗಿಲು ಗೋಡೆ ಕಡೆ ತೆರ್ಕೋಬೇಕಿತ್ತಲ್ಲ, ಯಾರು ಹಿಂಗೆ ಉಲ್ಟಾ ಹಾಕ್ಸಿದ್ದು?" ಎಂದು ಕೇಳಿದರು. ನಾನೇ ಎಂದೆ. ಹೌದಾ ಎಂದು ಚಪ್ಪಲಿ ಮೆಟ್ಟಿಕೊಂಡರು.

ಫೋನ್ ಮಾಡಿದೆ. ಸತ್ಯಭಾಮಾ ಬಂದಳು. ಬಂದವಳಿಗೆ ನೀರು ಕೊಡುವುದೂ ಮರೆತು ಬಾಗಿಲಿಂದ ಬಾಗಿಲಿಗೆ ಕರೆದೊಯ್ದು, "ಎಲ್ಲಿ, ತೆಗೆ ನೋಡೋಣ" ಎನ್ನುತ್ತಾ ಹೋದೆ. ಮಲಗುವ ಕೋಣೆ, ದೇವರ ಕೋಣೆ, ಎರಡನೇ ಕೋಣೆ, ಹಿತ್ತಲು. ನಾನು ನೋಡುತ್ತಾ ನಿಂತಿದ್ದೆ, ಅವಳು ಬಲಗೈಯಿಂದ ಒತ್ತಿ ಎಳೆದಳು. ಪ್ರತಿ ಸಲವೂ ತುಟಿ ಕಚ್ಚಿಕೊಳ್ಳುತ್ತಿದ್ದಳು, ಆದರೆ ಬಾಗಿಲು ತೆರೆಯಿತು. "ಚೆನ್ನಾಗಿದೆ," ಎಂದಳು. ನಾನು ಉಬ್ಬಿಹೋದೆ.

ಮಾರನೇ ದಿನ ಸ್ನಾನಕ್ಕೆ ಹೋದಳು. ನಾನು ಹೊರಗೆ ಕಿವಿಯಾಗಿ ಕೂತೆ. ಬಾಗಿಲು ಮುಚ್ಚಿದ ಸದ್ದೇ ಇಲ್ಲ. ನೋಡಿದರೆ ಬಾಗಿಲು ನಾಲ್ಕು ಬೆರಳು ತೆರೆದಿದೆ, ಒಳಗಡೆ ಅದಕ್ಕೆ ಒತ್ತಾಗಿ ನೀರು ತುಂಬಿದ ಬಕೆಟ್ಟು. ಅರವತ್ತು ಮುಟ್ಟುತ್ತಿರುವ ಹೆಂಗಸು ತನ್ನ ಸ್ವಂತ ಮನೆಯಲ್ಲಿ ಬಕೆಟ್ಟನ್ನು ಕಾವಲಿಗಿಟ್ಟು ಸ್ನಾನ ಮಾಡುತ್ತಿದ್ದಾಳೆ. ನನಗೆ ಮೊದಲು ಬಂದದ್ದು ಸಿಟ್ಟು, ಸುಳ್ಳು ಯಾಕೆ ಹೇಳಲಿ.

"ಯಾಕೆ ಮುಚ್ಚಲಿಲ್ಲ?" ಎಂದೆ, ಅವಳು ತಲೆ ಒರೆಸುತ್ತಾ ಬಂದಾಗ.

"ಮುಚ್ಚಿ ನೋಡ್ದೆ. ತೆಗೆಯೋದು ಕಷ್ಟ ಆಯ್ತು."

"ಕಷ್ಟ ಏನು ಬಂತು? ಅರ್ಧ ಕೆಜಿ ಬೆಲ್ಲಕ್ಕೆ ಬೀಳೋ ಹಿಡಿ ಅದು."

"ಬೆಲ್ಲಕ್ಕೆ ಮಣಿಕಟ್ಟು ಮುರಿದಿಲ್ವಲ್ಲ."

"ಬೇರೆ ಬಾಗಿಲೆಲ್ಲ ತೆಗೆದೆಯಲ್ಲ?"

"ನೀವು ನೋಡ್ತಿದ್ರಿ, ತೆಗೆದೆ."

ಈ ಉತ್ತರ ನನಗೆ ಅರ್ಥವಾಗಲಿಲ್ಲ. ಒಂಬತ್ತೂವರೆಯ ಬಸ್ಸಿಗೆ ಮತ್ತೆ ಭದ್ರಾವತಿಗೆ ಹೋದಳು. ಈ ಸಲ ಬ್ಯಾಗು ಸ್ವಲ್ಪ ದೊಡ್ಡದಿತ್ತು. ಚಳಿಗಾಲದ ಶಾಲು, ಸ್ತೋತ್ರದ ಪುಸ್ತಕ, ಓದುವ ಕನ್ನಡಕ ಎಲ್ಲವೂ ಅದರೊಳಗೆ ಹೋದವು. ನನ್ನ ಕಣ್ಣು ಸ್ತೋತ್ರದ ಪುಸ್ತಕದ ಮೇಲೇ ಇತ್ತು. ಎರಡು ದಿನಕ್ಕೆ ಹೋಗುವವರು ಅದನ್ನು ಒಯ್ಯುವುದಿಲ್ಲ.

ಮುಂದಿನ ಮೂರು ದಿನ ನಾನು ಮಾಡಿದ್ದನ್ನು ಯಾರಾದರೂ ನೋಡಿದ್ದರೆ, ನಿಮ್ಮಪ್ಪನಿಗೆ ತಲೆ ಕೆಟ್ಟಿದೆ ಎಂದು ಬೇರೆ ಊರಲ್ಲಿರುವ ನಮ್ಮ ಮಗಳಿಗೆ ಫೋನ್ ಹೋಗುತ್ತಿತ್ತು. ಬಲ ಮಣಿಕಟ್ಟಿಗೆ ಅಡಿಪಟ್ಟಿ ಇಟ್ಟು ಟವಲಿನಿಂದ ಬಿಗಿಯಾಗಿ ಕಟ್ಟಿಕೊಂಡು, ಮಣಿಕಟ್ಟು ಒಂದಿಷ್ಟೂ ತಿರುಗದ ಹಾಗೆ ಮಾಡಿ, ಬಚ್ಚಲೊಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಒದ್ದೆ ಕೈಯಲ್ಲಿ ಒತ್ತಿದೆ, ಸೋಪು ಹಚ್ಚಿಕೊಂಡು ಒತ್ತಿದೆ. ಪ್ರತಿ ಸಲವೂ ಕಷ್ಟಪಟ್ಟಾದರೂ ತೆರೆಯಿತು. ಇಪ್ಪತ್ತೆರಡು ಸಲ. ಒಂದೊಂದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಇಷ್ಟೆಲ್ಲ ಮಾಡಿದ ಜಾಣನಿಗೆ, ಒಂದೇ ಒಂದು ಸಲ ಎಡಗೈಯಲ್ಲಿ ತೆರೆದು ನೋಡೋಣ ಎಂದು ಹೊಳೆಯಲಿಲ್ಲ.

ಭಾನುವಾರ ಬಸ್ ಹತ್ತಿದೆ. ಜನ್ನಾಪುರದ ಬಾಗಿಲಿನಲ್ಲಿ ಇರುವುದು ನನ್ನ ಬಾಗಿಲಿನಲ್ಲಿ ಇಲ್ಲದ್ದು ಏನು ಎಂದು ಕಣ್ಣಾರೆ ನೋಡಲೇಬೇಕಿತ್ತು. ಜೇಬಿನಲ್ಲಿ ಟೇಪು, ಚೀಲದಲ್ಲಿ ಅದೇ ಬೆಲ್ಲ. ಹೋದಾಗ ಸತ್ಯಭಾಮಾ ಮನೆಯಲ್ಲಿರಲಿಲ್ಲ. ದೇವಸ್ಥಾನಕ್ಕೆ ಹೋಗಿದ್ದಾಳೆ, ಬರುತ್ತಾಳೆ ಎಂದಳು ಶರಾವತಿ. "ಕೈಕಾಲು ತೊಳ್ಕೊಂಡು ಬನ್ನಿ ಭಾವ, ತಿಂಡಿ ಕೊಡ್ತೀನಿ."

ಬಚ್ಚಲು ಹಿತ್ತಲಿನ ಕಡೆಗೆ. ಒಳಗೆ ಹೋಗಿ ಬಾಗಿಲು ಎಳೆದುಕೊಂಡು ನೋಡಿದೆ. ಲಾಕಿಲ್ಲ, ಸ್ಪ್ರಿಂಗಿಲ್ಲ. ಎತ್ತಿ ಬೀಳಿಸುವ ಒಂದು ಅಗಳಿ, ಅದರ ಕೆಳಗೆ ಎರಕದ ಕಬ್ಬಿಣದ ಒಂದು ಹಿಡಿ. ನೆಲದಿಂದ ಮೂವತ್ತಮೂರೂವರೆ ಇಂಚು. ವಿಚಿತ್ರವೆಂದರೆ ಎರಡೂ ಇದ್ದದ್ದು ಎಡಗಡೆಗೆ. ಆ ಮನೆಯ ಉಳಿದ ಎಲ್ಲ ಬಾಗಿಲಿಗೂ ಅಗಳಿ ಬಲಕ್ಕಿದೆ, ಇದೊಂದಕ್ಕೆ ಎಡಕ್ಕೆ. ಹಿಡಿಯನ್ನು ಬಲಗೈಯಲ್ಲಿ ಹಿಡಿದೆ. ಸರಿ ಕೂರಲಿಲ್ಲ. ಅದರ ಮೈಮೇಲೆ ಬೆರಳಿಗೆಂದು ನಾಲ್ಕು ತಗ್ಗುಗಳಿದ್ದವು, ಹೆಬ್ಬೆರಳಿಗೆ ಒಂದು. ನನ್ನ ಹೆಬ್ಬೆರಳಿಗೆ ಸಿಕ್ಕಿದ್ದು ತಗ್ಗಲ್ಲ, ಉಬ್ಬು. ಎರಕ ಹೊಯ್ದವನು ತಪ್ಪು ಮಾಡಿದ್ದಾನೆ ಎಂದುಕೊಂಡೆ. ಆದರೆ ಇದರ ಮಾದರಿ ಕೊರೆದವರು ಯಾರೆಂದು ನನಗೆ ಗೊತ್ತಿತ್ತು. ನನ್ನ ಮಾವ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಜೀವನವಿಡೀ ಮಾಡಿದ್ದು ಅದೇ ಕೆಲಸ, ಎರಕಕ್ಕೆ ಬೇಕಾದ ಮರದ ಮಾದರಿ ಕೊರೆಯುವುದು. ಕೂದಲೆಳೆಯಷ್ಟೂ ತಪ್ಪದ ಮನುಷ್ಯ. ಅವರು ತಪ್ಪಿಲ್ಲವೆಂದಾದರೆ ತಪ್ಪಿದ್ದು ನನ್ನ ಕೈ. ಎಡಗೈ ಚಾಚಿದೆ. ಐದು ಬೆರಳೂ ಐದು ತಗ್ಗಿನಲ್ಲಿ ಹೋಗಿ ಕೂತವು.

ತೊಳೆಯಬೇಕಾದ ಕಾಲನ್ನೂ ತೊಳೆಯದೆ ಹೊರಗೆ ಬಂದೆ.

"ಶರಾವತೀ, ಆ ಹಿಡಿ ಯಾರಿಗೆ ಅಂತ ಮಾಡಿದ್ದು ನಿಮ್ಮಪ್ಪ?"

ಅವಳು ಒಲೆಯ ಕಡೆ ತಿರುಗಿಕೊಂಡೇ ಇದ್ದಳು. "ನಿಮಗೆ ಗೊತ್ತಿಲ್ವಾ ಭಾವ? ಅಕ್ಕ ಎಡಚಿ."

"ಯಾರು, ಸತ್ಯಭಾಮಾ?"

"ಹುಟ್ಟಿದಾಗಿಂದ. ನಮ್ಮಜ್ಜಿ ಮಹಾ ಮಡಿ. ಹೆಣ್ಣುಮಗು ಎಡಗೈಲಿ ಬಡಿಸಿದ್ರೆ, ಆರತಿ ತಗೊಂಡ್ರೆ ಮನೆಗೆ ದರಿದ್ರ ಅಂತ ಅವರ ಲೆಕ್ಕ. ಊಟಕ್ಕೆ ಕೂತಾಗ ಅವಳ ಎಡಗೈನ ಹಳೇ ಪಂಚೆ ತುಂಡಲ್ಲಿ ಬೆನ್ನಿಗೆ ಕಟ್ಟಿಬಿಡೋರು. ಎರಡು ವರ್ಷ ಕಟ್ಟಿದ್ರು. ಆಮೇಲೆ ಕಟ್ಟೋದು ಬೇಕಾಗ್ಲಿಲ್ಲ."

"ನಿಮ್ಮಪ್ಪ ಏನೂ ಹೇಳಲಿಲ್ವಾ?"

"ಅಪ್ಪಂಗೆ ಅಜ್ಜಿ ಎದುರಿಗೆ ಮಾತಾಡೋ ಧೈರ್ಯ ಎಲ್ಲಿತ್ತು. ಬಾಗಿಲು ಮಾಡಿದ್ರು. ಬಚ್ಚಲಲ್ಲಿ ಬಾಗಿಲು ಹಾಕ್ಕೊಂಡ ಮೇಲೆ ಯಾರೂ ನೋಡಲ್ವಲ್ಲ, ಅಲ್ಲಿ ಅವಳ ಕೈ ಅವಳಿಗೆ ಸಿಗ್ಲಿ ಅಂತ. ಅವಳ ಕೈ ನೋಡಿ ಕೊರೆದಿದ್ದು. ಅವಳಿಗಾಗ ಹದಿನೈದು ವರ್ಷ."

ನಾನು ಕುರ್ಚಿಯ ಮೇಲೆ ಕೂತೆ. ತಲೆಯೊಳಗೆ ಒಂದೊಂದೇ ಬಂದು ಜೋಡಿಸಿಕೊಳ್ಳತೊಡಗಿತು. ಪ್ಲಾಸ್ಟರ್ ಇದ್ದ ಆರು ವಾರ ಅವಳು ಎಡಗೈಯಲ್ಲಿ ಚಮಚ ಹಿಡಿದು ಒಂದಗುಳೂ ಚೆಲ್ಲದೆ ಊಟ ಮಾಡಿದ್ದಳು. "ಪರವಾಗಿಲ್ವೇ, ಬೇಗ ಕಲಿತೆ," ಎಂದು ನಾನು ಬೆನ್ನು ತಟ್ಟಿದ್ದೆ. ಅದೇ ಆರು ವಾರ ನಮ್ಮ ಮನೆ ಮುಂದಿನ ರಂಗೋಲಿ ಮೊದಲಿಗಿಂತ ಚೆಂದವಾಗಿತ್ತು, ಗೆರೆಗಳು ನಡುಗದೆ ಒಂದೇ ದಪ್ಪಕ್ಕೆ ಎಳೆದಂತೆ ಇದ್ದವು. ಶ್ರೀಗೌರಿ ಬಂದು ಹಾಕಿ ಹೋಗುತ್ತಾಳೆ ಎಂದು ನಾನೇ ತೀರ್ಮಾನಿಸಿ, ಆಕೆಗೆ ಥ್ಯಾಂಕ್ಸ್ ಕೂಡ ಹೇಳಿದ್ದೆ. ಆಕೆ ಯಾಕೆ ಹಾಗೆ ಪಿಳಿಪಿಳಿ ನೋಡಿದಳು ಎಂದು ಈಗ ಗೊತ್ತಾಯಿತು.

"ಮೂವತ್ತನಾಲ್ಕು ವರ್ಷ," ಎಂದೆ. "ಒಂದು ಮಾತು ಹೇಳಬಾರದಿತ್ತಾ ಅವಳು?"

ಶರಾವತಿ ಗ್ಯಾಸು ಆರಿಸಿ ನನ್ನ ಕಡೆ ತಿರುಗಿದಳು. ಮೃದು ಸ್ವಭಾವದವಳು, ಯಾವತ್ತೂ ನನಗೆ ಎದುರು ಮಾತಾಡಿದವಳಲ್ಲ. "ಹೇಳೋಕೆ ಹೊರಟಿದ್ಲು ಭಾವ. ಮದುವೆ ಆದ ನಾಲ್ಕನೇ ದಿನ ನಿಮಗೆ ಕಾಫಿ ತಂದ್ಕೊಟ್ಳಂತೆ, ಮೈಮರೆತು ಎಡಗೈಲಿ. ಮನೆ ತುಂಬ ನೆಂಟರು. ನೀವು ಲೋಟ ಮುಟ್ಟಲಿಲ್ಲವಂತೆ. ನಂಗೇನು ಎಡಗೈಲಿ ಭಿಕ್ಷೆ ಹಾಕ್ತಿದೀಯಾ ಅಂದ್ರಂತೆ. ಎಲ್ಲರೂ ನಕ್ಕರಂತೆ. ಅಷ್ಟೇ. ಅವತ್ತು ಒಳಗೆ ಹಾಕ್ಕೊಂಡ ಕೈ ಅದು."

ನನಗೆ ನೆನಪಿಲ್ಲ. ಎಷ್ಟು ಕೆದಕಿದರೂ ನೆನಪಾಗಲಿಲ್ಲ. ಆದರೆ ಅದು ನನ್ನದೇ ಮಾತು, ಅದರಲ್ಲಿ ಅನುಮಾನವಿಲ್ಲ. ನಾನು ಹಾಗೆಯೇ ಮಾತಾಡುವವನು, ಜನ ನಗಲಿ ಎಂದು. ನನಗೆ ನಾಚಿಕೆಯಾಯಿತು. ಅರವತ್ತನಾಲ್ಕು ವರ್ಷದ ಗಂಡಸು ನಾದಿನಿಯ ಅಡುಗೆಮನೆಯಲ್ಲಿ ಬೆಲ್ಲದ ಚೀಲ ತೊಡೆಯ ಮೇಲಿಟ್ಟುಕೊಂಡು ಕಣ್ಣೊರೆಸಿಕೊಂಡೆ.

ಸತ್ಯಭಾಮಾ ಬಂದಾಗ ನಾನು ಊಟದ ಮೇಜಿನ ಮೇಲೆ ನೋಟ್‌ಬುಕ್ಕಿನ ಹಾಳೆ ಹರಿದು ಇಟ್ಟುಕೊಂಡು ಕಾಯುತ್ತಿದ್ದೆ. ಬಾಬು ಸಾಬರ ಮಾತು ತಲೆಯಲ್ಲಿತ್ತು.

"ಯಾವಾಗ ಬಂದ್ರಿ?" ಎಂದಳು, ಪ್ರಸಾದದ ಬುಟ್ಟಿ ಇಡುತ್ತಾ.

"ಆಗ್ಲೇ ಬಂದೆ. ಇಲ್ಲಿ ಬಾ. ಕೈ ಕೊಡು, ಗುರುತು ಮಾಡ್ಕೋಬೇಕು."

ಅವಳು ಬಲಗೈ ಚಾಚಿದಳು. ಮುರಿದು ಕೂಡಿದ, ನೋಯುವ ಕೈ, ಕೇಳಿದ ಕೂಡಲೇ ಬಂತು.

"ಅದಲ್ಲ. ಎಡಗೈ."

ಅವಳು ಅಡುಗೆಮನೆಯ ಕಡೆ ನೋಡಿದಳು. ಶರಾವತಿ ಹಿತ್ತಲಿಗೆ ಹೋಗಿಬಿಟ್ಟಿದ್ದಳು.

"ಶರಾವತಿ ಹೇಳಿದ್ಲಾ?"

"ಹಿಡಿ ಹಿಡಿದು ನೋಡ್ದೆ. ಆಮೇಲೆ ಅವಳು ಹೇಳಿದ್ಲು." ಪೆನ್ಸಿಲು ಕೈಗೆತ್ತಿಕೊಂಡೆ. "ಕಾಫಿ ಲೋಟದ್ದು ನಂಗೆ ನೆನಪಿಲ್ಲ ಸತ್ಯಾ."

"ನಂಗಿದೆ," ಎಂದಳು.

ತಪ್ಪಾಯ್ತು ಎಂದೆ. ಆ ಮಾತು ನನ್ನ ಬಾಯಿಂದ ಬಂದದ್ದು ಅವಳು ಯಾವತ್ತೂ ಕೇಳಿರಲಿಕ್ಕಿಲ್ಲ. ಅವಳು ಕುರ್ಚಿ ಎಳೆದುಕೊಂಡು ಕೂತು, ಎಡಗೈಯನ್ನು ಹಾಳೆಯ ಮೇಲಿಟ್ಟಳು. ಬೆರಳುಗಳು ಮೊದಲು ಮುದುಡಿಕೊಂಡೇ ಇದ್ದವು, ಆಮೇಲೆ ಒಂದೊಂದಾಗಿ ಅಗಲವಾದವು. ನಾನು ಪೆನ್ಸಿಲಿನಿಂದ ಸುತ್ತಲೂ ಗೆರೆ ಎಳೆದೆ. ಉಂಗುರದ ಬೆರಳು ಸ್ವಲ್ಪ ಒಳಕ್ಕೆ ಬಾಗಿದೆ. ಕಿರುಬೆರಳ ಬುಡದಲ್ಲಿ ಒಂದು ಹಳೇ ಸುಟ್ಟ ಕಲೆ ಇದೆ. ಮೂವತ್ತನಾಲ್ಕು ವರ್ಷ ಒಂದೇ ಮನೆಯಲ್ಲಿದ್ದು ಆ ಕೈಯನ್ನು ನಾನು 'ನೋಡಿದ್ದು' ಅವತ್ತೇ.

"ಇನ್ನೊಂದು ನಾಲ್ಕು ದಿನ ಇರು," ಎಂದೆ. "ಆಮೇಲೆ ಬಂದು ನೋಡು. ಇಷ್ಟ ಆಗ್ಲಿಲ್ಲ ಅಂದ್ರೆ ಇಲ್ಲೇ ಇರು, ನಾನೂ ಕೇಳಲ್ಲ."

ಶಿವಮೊಗ್ಗಕ್ಕೆ ಬಂದವನೇ ಬಚ್ಚಲೊಳಗೆ ಹೋಗಿ ಬಾಗಿಲು ಹಾಕಿಕೊಂಡು, ಎಡಗೈಯಿಂದ ತೆರೆಯಲು ನೋಡಿದೆ. ಹಿಡಿ ಬಲ ತುದಿಗೆ, ಅದಕ್ಕೆ ಅಂಟಿಕೊಂಡೇ ಗೋಡೆ. ಎಡಗೈ ಅಲ್ಲಿಗೆ ತಲುಪಬೇಕಾದರೆ ಮೈ ಪೂರ್ತಿ ಬಾಗಿಲಿಗೆ ಅಡ್ಡ ಬರುತ್ತದೆ. ಎಳೆದರೆ ಬಾಗಿಲು ಮಂಡಿಗೆ ಬಡಿಯುತ್ತದೆ. ಬೇರೆ ಬಾಗಿಲುಗಳಲ್ಲಿ ಪಕ್ಕಕ್ಕೆ ಸರಿಯಲು ಜಾಗವಿದೆ, ನಾನು ನೋಡದಿರುವಾಗ ಅವಳು ಎಡಗೈಯಲ್ಲೇ ತೆರೆಯುತ್ತಿದ್ದಳೇನೋ. ಇಲ್ಲಿ ಜಾಗವೇ ಇಲ್ಲ. ಇದನ್ನು ಹೀಗೆ ಕೂರಿಸಿದ್ದು ಯಾರು? ನಾನೇ, ಬಡಗಿಯ ತಲೆ ಮೇಲೆ ಕೂತು.

ಬಾಬು ಸಾಬ್ ಬಂದರು. ಹಾಳೆ ಕೊಟ್ಟೆ. ಅವರು ಬಹಳ ಹೊತ್ತು ಅದನ್ನೇ ನೋಡಿ, ತಮ್ಮ ಅಂಗೈಯನ್ನು ಅದರ ಮೇಲಿಟ್ಟು, "ಎಡಗೈ," ಎಂದರು.

"ಹೌದು."

"ಅವತ್ತೇ ಕರೆಸಿದ್ರೆ ಎರಡು ಸಲ ಕೆಲಸ ಆಗ್ತಿರ್ಲಿಲ್ಲ." ಅಷ್ಟು ಹೇಳಿ ಮುಗಿಸಿದರು. ಇನ್ನೂ ನಾಲ್ಕು ಮಾತು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಬಚ್ಚಲ ಬಾಗಿಲನ್ನು ಇಳಿಸಿ, ಒಳಮೈ ಹೊರಗೆ, ಹೊರಮೈ ಒಳಗೆ ಮಾಡಿ, ಕೀಲುಗಳನ್ನು ಗೋಡೆಯ ಕಡೆಗೆ ಕೂರಿಸಿದರು. ಬೆಲ್ಲದ ಪರೀಕ್ಷೆಯಲ್ಲಿ ಗೆದ್ದ ಹಿಡಿಯನ್ನು ಬಿಚ್ಚಿ ನನ್ನ ಕೈಗಿಟ್ಟರು. ಅದರ ಜಾಗದಲ್ಲಿ, ಮಾವನ ಮನೆಯಲ್ಲಿದ್ದ ಹಾಗೆಯೇ, ಎತ್ತಿ ಬೀಳಿಸುವ ಅಗಳಿ. ಹಿಡಿಗೆ ಮಾತ್ರ ಎರಡು ದಿನ ಬೇಕೆಂದರು. ತಮ್ಮ ಮನೆಯಲ್ಲಿದ್ದ ಬೀಟೆಯ ತುಂಡಿನಲ್ಲಿ, ಹಾಳೆಯ ಮೇಲಿನ ಗೆರೆ ನೋಡುತ್ತಾ, ಬೆರಳಿಗೊಂದು ತಗ್ಗು ಕೊರೆದು ತಂದರು. ಬಾಗಿದ ಉಂಗುರದ ಬೆರಳಿಗೂ ಅದರದೇ ಜಾಗ. ಎತ್ತರಕ್ಕೆ ನಾನು ಅಳತೆ ಹೇಳಲಿಲ್ಲ. ತಿರುಪು ಬಿಗಿಯಬೇಡಿ, ಅವಳು ಬರಲಿ ಎಂದೆ.

ಸತ್ಯಭಾಮಾ ಬಂದದ್ದು ಗುರುವಾರ. ಬಾಬು ಸಾಬ್ ಅವಳನ್ನು ಬಚ್ಚಲೊಳಗೆ, ಮುಚ್ಚಿದ ಬಾಗಿಲ ಮುಂದೆ ನಿಲ್ಲಿಸಿ, "ಅಮ್ಮ, ಕಣ್ಣು ಮುಚ್ಚಿ ಕೈ ಚಾಚಿ," ಎಂದರು. ನಾನು ಹಾಲ್‌ಗೆ ಹೋಗಿ ಪೇಪರ್ ಹಿಡಿದುಕೊಂಡೆ. ನಾನು ನೋಡುತ್ತಿದ್ದರೆ ಬರುವುದು ಬಲಗೈ ಎಂದು ಅಷ್ಟರಮಟ್ಟಿಗೆ ಬುದ್ಧಿ ಬಂದಿತ್ತು. ತಿರುಪು ಬಿಗಿಯುವ ಸದ್ದು ಕೇಳಿಸಿತು. ಆಮೇಲೆ ಬಾಬು ಸಾಬ್ ಬೆಡ್‌ಶೀಟು ಸುತ್ತಿಕೊಂಡು, ಮೂವತ್ತೆರಡೂಕಾಲು ಇಂಚು ಸಾರ್, ಬರ್ಕೊಳ್ಳಿ, ಎಂದು ನಗುತ್ತಾ ಹೋದರು.

ಅವಳು ಸ್ನಾನಕ್ಕೆ ಹೋದಳು. ಬಾಗಿಲು ಪೂರ್ತಿ ಮುಚ್ಚಿತು. ಅಗಳಿ ಬಿದ್ದ ಸದ್ದು. ಬಕೆಟ್ಟು ಎಳೆದ ಸದ್ದು ಇಲ್ಲ. ನೀರು ಸುರಿಯುತ್ತಾ, ಅವಳು ಮೆಲ್ಲಗೆ ಸ್ತೋತ್ರ ಗುನುಗತೊಡಗಿದಳು. ಕೈ ಮುರಿದ ಮೇಲೆ ಬಚ್ಚಲಿನಿಂದ ಆ ದನಿ ಕೇಳಿರಲಿಲ್ಲ. ಪೇಪರಿನ ಒಂದೇ ಸಾಲನ್ನು ಎಷ್ಟು ಸಲ ಓದಿದೆನೋ.

ಬಾಗಿಲು ತೆರೆಯಿತು. ಅವಳು ಒಳಗೆ ಹೋಗಿ ಸೀರೆ ಉಟ್ಟು, ಅಡುಗೆಮನೆಗೆ ಹೋದಳು. ಫಿಲ್ಟರಿನ ಸದ್ದು, ಹಾಲಿನ ಸದ್ದು. ಸ್ವಲ್ಪ ಹೊತ್ತಿಗೆ ಹಾಲ್‌ನ ಬಾಗಿಲಿಗೆ ಬಂದು ನಿಂತಳು. ಲೋಟ ಎಡಗೈಯಲ್ಲಿತ್ತು. ಬಾಗಿಲು ದಾಟುವ ಮೊದಲು ನಿಂತು, ಬಲಗೈ ಎತ್ತಿ ಲೋಟದ ಹತ್ತಿರ ತಂದಳು. ಮೂವತ್ತನಾಲ್ಕು ವರ್ಷದ ಅಭ್ಯಾಸ, ಅದು ತಾನಾಗಿಯೇ ಬರುತ್ತದೆ. ನಾನು ಪೇಪರ್ ಬಿಸಾಕಿ ಎದ್ದು ಹೋಗಿ, ಲೋಟ ಇನ್ನೂ ಎಡಗೈಯಲ್ಲಿರುವಾಗಲೇ ಎರಡೂ ಕೈ ಚಾಚಿ ತೆಗೆದುಕೊಂಡೆ.

ಅವಳು ಅಲ್ಲೇ ನಿಂತು ನಾನು ಕುಡಿಯುವುದನ್ನು ನೋಡಿದಳು. ಎಡಗೈ ಇನ್ನೂ ಚಾಚಿಯೇ ಇತ್ತು.

"ಸಕ್ಕರೆ ಸಾಕಾ?" ಎಂದಳು.

ಸಕ್ಕರೆ ಹಾಕುವುದನ್ನೇ ಮರೆತಿದ್ದಳು. ಸಾಕು ಎಂದೆ.